ಕೌದಿಗೆ ರೊಟ್ಟಿ ತಿನ್ನಿಸಿದ ನಮ್ಮಕ್ಕ

ನಮ್ಮಕ್ಕನ ಎದುರಿಗೆ ಹರಿದ ಅಂಗಿ ಹಾಕಿಕೊಂಡು ನಿಲ್ಲಬೇಡಿ. ಹರಿಯದ ಅಂಗಿ ಹಾಕಿಕೊಂಡಂತೂ ನಿಲ್ಲಲೇಬೇಡಿ! ಹರಿದಿದ್ದರೆ ಕೇಳಿ ತೆಗೆದುಕೊಳ್ಳುತ್ತಾಳೆ, ಹರಿಯದಿದ್ದರೆ ಕೇಳುವುದೂ ಇಲ್ಲ. ಇದು ಅನುಭವದ ಮಾತು. ನಾನು ಅಂಬತ್ತೂರಿನ ಕಾರ್ಖಾನೆಯಲ್ಲಿ ಲೇತ್ ಮಷೀನು ತಿರುಗಿಸುತ್ತಿದ್ದ ಕಾಲದಲ್ಲಿ ಒಮ್ಮೆ ಅವಳು ಗದಗಿನಿಂದ ಬಂದಿದ್ದಳು. ಬೆಳಿಗ್ಗೆ ಸ್ನಾನಕ್ಕೆ ಹೋದೆ. ಮೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ನನ್ನ ನೀಲಿ ಯೂನಿಫಾರ್ಮು ಚೌಕ ಚೌಕ ತುಂಡಾಗಿ ಚಾಪೆಯ ಮೇಲೆ ಕೂತಿತ್ತು.

"ಅಕ್ಕಾ! ಡ್ಯೂಟಿಗೆ ನಾ ಏನ ಹಾಕ್ಕೊಂಡ ಹೋಗ್ಲಿ?"

"ಮೊಣಕೈ ಸವದಿತ್ತೋ. ಇವತ್ತಲ್ಲ ನಾಳೆ ಹರೀತಿತ್ತು. ನಿನ್ನ ತ್ರಾಸ ಉಳಿಸೇನಿ."

ನನ್ನ ತ್ರಾಸು ಉಳಿಸಿದ್ದಾಳಂತೆ! ಅಕ್ಕ ನನ್ನ ಅಂಗಿಯನ್ನು ಹೊದಿಕೆ ಮಾಡಿಬಿಟ್ಟಳು ಅಂತ ಫೋರ್‌ಮನ್ನಿಗೆ ತಮಿಳಿನಲ್ಲಿ ಹೇಗೆ ಹೇಳುವುದು? ಜ್ವರ ಅಂದೆ.

ಮದುವೆ ಮನೆಗೆ ಹೋದರೂ ಅಷ್ಟೇ. ಬೇರೆ ಹೆಂಗಸರು ಸೀರೆ ನೋಡಿ "ಎಲ್ಲಿ ತಗೊಂಡಿರಿ?" ಅಂತ ಕೇಳುತ್ತಾರೆ. ನಮ್ಮಕ್ಕ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, "ಇನ್ನ ಹತ್ತ ವರ್ಷಕ್ಕ ಚಲೋ ಮೆತ್ತಗಾಗತೈತಿ. ಆಗ ನನಗ ತಿಳಸು" ಅನ್ನುತ್ತಾಳೆ. ಮದುಮಗಳಿಗೇ ಹಾಗೆ ಅಂದಿದ್ದಾಳೆ, ತಾಳಿ ಕಟ್ಟಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ!

ಇದೆಲ್ಲಾ ಯಾಕೆ? ಕೌದಿಗೆ. ಹಳೇ ಸೀರೆ, ಧೋತರ, ಲಂಗ, ಚಡ್ಡಿ ಎಲ್ಲ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಕೈಯಲ್ಲೇ ಹೊಲಿಯುವ ಹೊದಿಕೆ. ನಮ್ಮ ವಂಶದಲ್ಲಿ ಹುಟ್ಟಿದ ಪ್ರತಿಯೊಂದು ಕೂಸೂ ನಮ್ಮಕ್ಕನ ಕೌದಿಯ ಮೇಲೆಯೇ ಮೊದಲ ಸಲ ಮಗ್ಗಲು ಬದಲಿಸಿದ್ದು. ಕೌದಿಗಳು ಇಪ್ಪತ್ತರ ಮೇಲಾಗಿವೆ. ಅವಳಿಗೆ ಮಕ್ಕಳಿಲ್ಲ. ಆದರೆ "ನಿನಗೆಷ್ಟ ಮಕ್ಕಳು" ಅಂತ ಕೇಳಿದರೆ ಕೌದಿಗಳನ್ನೇ ಎಣಿಸಿ ಹೇಳುತ್ತಾಳೆ.

ಇಂಥ ಅಕ್ಕನಿಗೂ ನನ್ನ ಸೊಸೆಗೂ ಜಗಳ ಬಿತ್ತು ನೋಡಿ! ಯಾರ ವಿಷಯಕ್ಕೆ? ನನ್ನ ಮೊಮ್ಮಗಳ ವಿಷಯಕ್ಕೆ!

ಹೌದು, ನಾನು ಅಜ್ಜ ಆದೆ! ಇದನ್ನು ಮೊದಲನೇ ಸಾಲಿನಲ್ಲೇ ಬರೆಯಬೇಕಿತ್ತು, ಅಕ್ಕ ಅಡ್ಡ ಬಂದಳು. ಎಂಥ ಮೊಮ್ಮಗಳು ಅಂತೀರಿ! ಅಂಗೈ ನನ್ನ ಹೆಬ್ಬೆರಳಿನಷ್ಟು. ಆದರೆ ಹಿಡಿದರೆ ಬಿಡಿಸಿಕೊಳ್ಳಲು ಬರುವುದಿಲ್ಲ, ಕಬ್ಬಿಣವನ್ನು ಕಚ್ಚಿ ಹಿಡಿಯುವ ಲೇತ್ ಮಷೀನಿನ ಚಕ್‌ಗೂ ಆ ಹಿಡಿತ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದೆ. ಕಂಡಕ್ಟರಿಗೆ ಹೇಳಿದೆ. "ಪೇತ್ತಿ ಪೊರಂದಿರುಕ್ಕಾ!" ಅಂದೆ, ಮೊಮ್ಮಗಳು ಹುಟ್ಟಿದ್ದಾಳೆ ಅಂತ. "ಸರಿ ತಾತಾ, ಎಂಗೆ ಪೋಣುಂ?" ಅಂದ. ನಾನು ಎಲ್ಲಿಗೆ ಹೋಗಬೇಕಿತ್ತೋ ನನಗೇ ನೆನಪಾಗಲಿಲ್ಲ!

ಸೊಸೆ ಹಾಸನದ ಕಡೆಯವಳು. ತವರಿನಲ್ಲಿ ತಾಯಿ ಇಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವ ತಂದೆ ಒಬ್ಬರೇ. ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಕೂಸಿಗೆ ಐದು ತಿಂಗಳಾದಾಗ ಅಕ್ಕ ಬಂದಳು. ಎರಡು ಮೊಳ ಉದ್ದದ ಪುಟ್ಟ ಕೌದಿಯನ್ನು ರೈಲಿನಲ್ಲಿ ಇಡೀ ದಾರಿ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳು. ಸೊಸೆ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು, ಕಾಲಿಗೆ ನಮಸ್ಕಾರ ಮಾಡಿದಳು, ಆಮೇಲೆ ಮೆಲ್ಲಗೆ ಅಂದಳು: "ದೊಡ್ಡತ್ತೆ, ಬೇಜಾರು ಮಾಡ್ಕೋಬೇಡಿ. ಡಾಕ್ಟ್ರು ಹಳೇ ಬಟ್ಟೆ ಬೇಡ ಅಂದಿದಾರೆ. ಪಾಪುಗೆ ಮೈಯೆಲ್ಲ ಗುಳ್ಳೆ ಎದ್ದಿತ್ತು." ಕೌದಿ ಅಟ್ಟಕ್ಕೆ ಹೋಯಿತು. ಮಗು ಅಂಗಡಿಯ ಕಂಬಳಿಯ ಮೇಲೆ ಮಲಗಿತು. ಜಾರುವ ಬಟ್ಟೆ, ಮೇಲೆ ಕರಡಿ ಚಿತ್ರ.

ಅಕ್ಕ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಅವತ್ತಿನಿಂದ ಸೊಸೆಯ ಜೊತೆ ಮಾತಾಡುವುದನ್ನು ಬಿಟ್ಟು ಗೋಡೆಯ ಜೊತೆ ಶುರು ಮಾಡಿದಳು!

"ಗ್ವಾಡೀ, ನನಗ ಚಾ ಬ್ಯಾಡಂತ ಹೇಳವಾ."

"ಗ್ವಾಡೀ, ಶುಕ್ರವಾರ ರೈಲಿಗೆ ನಾನೂ ಹೊಂಟೆ, ನನ್ನ ಕೌದೀನೂ ಹೊಂಟತಿ. ಇಷ್ಟ ಕೌದಿ ಹೊಲದೇನಿ, ತಿರುಗಿ ಮನಿಗೆ ಬಂದದ್ದು ಇದೊಂದ."

ನೀವೇ ಹೇಳಿ, ನನಗೆ ಸಿಟ್ಟು ಬರದೆ ಇರುತ್ತದೆಯೇ? ಯಾರ ಮೇಲೆ ಅಂತ ಕೇಳಬೇಡಿ. ಬೆಳಿಗ್ಗೆ ಅಕ್ಕನ ಮೇಲೆ, ಮಧ್ಯಾಹ್ನ ಸೊಸೆಯ ಮೇಲೆ, ಸಂಜೆ ಆ ಕರಡಿಯ ಮೇಲೆ! ಎಲ್ಲ ಮಕ್ಕಳಿಗೂ ಸಿಕ್ಕದ್ದು ನನ್ನ ಮೊಮ್ಮಗಳಿಗೆ ಮಾತ್ರ ಯಾಕೆ ಸಿಗಬಾರದು?

ರಾಜಿ ಮಾಡಿಕೊಳ್ಳಲು ಹೊರಟವಳು ಸೊಸೆಯೇ. ಪೇಪರಿನಲ್ಲಿ ನೋಡಿ ಹೇಳಿದಳು, ಇಲ್ಲೇ ಅಡ್ಯಾರಿನಲ್ಲಿ ಯಾವುದೋ ಹಳೇ ಬಂಗಲೆಯಲ್ಲಿ ಬಟ್ಟೆಗಳದ್ದೇ ಒಂದು ಮ್ಯೂಸಿಯಂ ಇದೆಯಂತೆ, ದೇಶದ ಎಲ್ಲ ಕಡೆಯ ಹೊಲಿದ ಹೊದಿಕೆ ಇಟ್ಟಿದ್ದಾರಂತೆ. "ದೊಡ್ಡತ್ತೆಗೆ ಖುಷಿಯಾಗುತ್ತೆ ಮಾವ, ಹೋಗೋಣ." ಗುರುವಾರ ಕಾಲ್‌ಟ್ಯಾಕ್ಸಿಯಲ್ಲಿ ಹೊರಟೆವು. ಅಕ್ಕ ಕಿಟಕಿಯ ಕಡೆ, ಸೊಸೆ ಈ ಕಡೆ, ನಡುವೆ ನಾನು, ನನ್ನ ತೊಡೆಯ ಮೇಲೆ ಮೊಮ್ಮಗಳು. ಕಾರಿನಲ್ಲಿ ಗೋಡೆ ಇಲ್ಲವಲ್ಲ, ಅಕ್ಕ ಡ್ರೈವರನ ಸೀಟಿನ ಬೆನ್ನಿನ ಜೊತೆ ಮಾತಾಡಿದಳು. ಅವನು ಪಾಪ, ದಾರಿಯುದ್ದಕ್ಕೂ "ಎನ್ನಮ್ಮಾ?" "ಎನ್ನಮ್ಮಾ?" ಅಂತಲೇ ಇದ್ದ.

ಬಾಗಿಲಲ್ಲೇ ಶುರುವಾಯಿತು.

"ಹಳೇ ಅರಿವಿ ನೋಡಾಕ ಚೀಟಿ ತಗೋಬೇಕೇನ? ನಮ್ಮನಿಗೆ ಬಂದ್ರ ನಾ ಪುಕ್ಕಟೆ ತೋರಸತೇನಿ, ಮ್ಯಾಲ ಚಾ ಕುಡಸತೇನಿ!"

ಒಳಗೆ ಏಸಿ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಗಡಗಡ ನಡುಕ. ಅಕ್ಕ ಸೆರಗು ಹೊದ್ದುಕೊಂಡು ಸುತ್ತ ನೋಡಿದಳು. "ನೋಡೋ ತಮ್ಮಾ, ಹೊದಿಕಿಗೇ ಚಳಿ ಹತ್ತೋ ಹಂಗ ಮಾಡ್ಯಾರ!"

ಬಂಗಾಳದ್ದು, ಗುಜರಾತಿನದ್ದು, ಬಿಹಾರದ್ದು ಎಲ್ಲ ಗೋಡೆಗೆ ತೂಗುಹಾಕಿದ್ದರು. ಮುಂದೆ ಹಗ್ಗ ಕಟ್ಟಿದ್ದರು. ನಮ್ಮಕ್ಕನಿಗೆ ಹಗ್ಗ ಅಂದರೆ ಬಟ್ಟೆ ಒಣಹಾಕುವುದಕ್ಕೆ ಮಾತ್ರ ಗೊತ್ತು. ಬಗ್ಗಿ ದಾಟಿ, ಮೊದಲನೇ ಹೊದಿಕೆಯನ್ನು ಸರಕ್ಕನೆ ತಿರುವಿ ಹಿಂಭಾಗ ನೋಡಿದಳು.

ಕಾವಲುಗಾರ ಓಡಿ ಬಂದ. "ಅಮ್ಮಾ! ತೊಡಕ್ಕೂಡಾದು!"

"ಏನಂತಾನ?"

"ಮುಟ್ಟಬಾರದಂತ, ಅಕ್ಕ."

"ಮುಟ್ಟಬಾರದಂದ್ರ ಹೊಲದದ್ಯಾಕ? ಹೊಲಗಿ ಬೆನ್ನ ನೋಡಲಾರದ ಹೊಲದಾಕಿನ್ನ ಹ್ಯಾಂಗ ತಿಳಿಯೋದು? ಕೇಳವನ!"

ನಾನು ತಮಿಳಿಗೆ ತಿರುಗಿಸಿ ಹೇಳಿದೆ: "ರೊಂಬ ನಲ್ಲಾ ಇರುಕ್ಕುನ್ನು ಸೊಲ್ರಾಂಗ." ತುಂಬಾ ಚೆನ್ನಾಗಿದೆ ಅನ್ನುತ್ತಿದ್ದಾರೆ ಅಂತ. ನಲವತ್ತು ವರ್ಷ ಈ ಊರಿನಲ್ಲಿ ಬದುಕಿದ್ದು ಇಂಥ ತರ್ಜುಮೆಯಿಂದಲೇ!

ಕೊನೆಯ ಕೋಣೆಯಲ್ಲಿ ಅಕ್ಕ ಗಕ್ಕನೆ ನಿಂತಳು. ನಮ್ಮ ಕಡೆಯ ಕೌದಿ! ಇಳಕಲ್ ಸೀರೆಯ ತುಂಡು, ಕೆಂಪು ಅಂಚು, ನಡುವೆ ಚೌಕ. ಅಕ್ಕನ ಮುಖ ಅರಳಿತು, ಹೆಣ್ಣು ಕೊಟ್ಟ ಊರಿನಲ್ಲಿ ತವರಿನವರು ಸಿಕ್ಕ ಹಾಗೆ. "ಇದನ್ನ ಹೊಲದಾಕಿ ಯಾರಂತ ಬರದಾರ?" ಅಂತ ನನ್ನನ್ನು ಕೇಳಿದಳು. ನನಗೆ ಇಂಗ್ಲಿಷ್ ಎಲ್ಲಿ ಬರುತ್ತದೆ? ಸೊಸೆ ಓದಿದಳು. "ಉತ್ತರ ಕರ್ನಾಟಕ. ಹೊಲಿದವರು ತಿಳಿದಿಲ್ಲ."

"ತಿಳಿದಿಲ್ಲ? ಅಕಿನ್ನ ಕೇಳಿದ್ರ ಹೇಳತಿದ್ದಿಲ್ಲೇನ? ಕೌದಿ ಒಯ್ಯಾಕ ಕೈ ಇದ್ದುವಂತ, ಹೆಸರ ಕೇಳಾಕ ಬಾಯಿ ಇರಲಿಲ್ಲಂತ!"

ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಕೌದಿಯ ಕೆಳಗಿನ ಮೂಲೆಯ ಹೊಲಿಗೆ ಬಿಚ್ಚಿತ್ತು. ಅಕ್ಕ ಬೆರಳು ತೂರಿಸಿದಳು, ಒಳಗೆ ತಡಕಿದಳು, ಎದೆ ಬಡಿದುಕೊಂಡಳು.

"ಯವ್ವಾ! ಇದು ಹಸದೈತೋ!"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತ. ಹಸಿದ ಕೌದಿ ಹೊದ್ದವರನ್ನು ಮಲಗಗೊಡುವುದಿಲ್ಲ ಅಂತ ನಂಬಿಕೆ. ನಗಬೇಡಿ, ನೀವು ಹಸಿದರೆ ಪಕ್ಕದವರನ್ನು ಮಲಗಗೊಡುತ್ತೀರಾ?

ನಮ್ಮಕ್ಕ ಎಲ್ಲಿಗೆ ಹೊರಟರೂ ಚೀಲದಲ್ಲಿ ಜೋಳದ ರೊಟ್ಟಿ ಇರುತ್ತದೆ. ನಾನು ಮಗುವಿನ ಟೊಪ್ಪಿ ಸರಿ ಮಾಡಿ ತಲೆ ಎತ್ತುವಷ್ಟರಲ್ಲಿ ಮ್ಯೂಸಿಯಂ ಕೌದಿಯ ಊಟ ಮುಗಿದಿತ್ತು!

ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು, ಕಾವಲುಗಾರ ಕಿರುಚಿದ. ಒಳಗಿನಿಂದ ಆಫೀಸರಮ್ಮ ಬಂದಳು. ಕನ್ನಡಕ, ಹತ್ತಿ ಸೀರೆ, ಕೈಗೆ ಬಿಳೀ ಗ್ಲೌಸು. ಚಿಮಟದಲ್ಲಿ ರೊಟ್ಟಿಯನ್ನು ಹೊರಗೆ ತೆಗೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಮೇಲೆ ಏನೋ ಬರೆದಳು. ಅದನ್ನೂ ಗೋಡೆಗೆ ಹಾಕುತ್ತಾರೋ ಏನೋ!

"ಹುಳ ಬರುತ್ತೆ, ಬಟ್ಟೆ ಹಾಳಾಗುತ್ತೆ ಅಂತಿದಾರೆ, ದೊಡ್ಡತ್ತೆ" ಅಂದಳು ಸೊಸೆ. ಆಫೀಸರಮ್ಮನದು ಇಂಗ್ಲಿಷು, ಹಾಗಾಗಿ ಈಗ ತರ್ಜುಮೆಯ ಕೆಲಸ ಅವಳದಾಗಿತ್ತು. ಅವಳು ನನ್ನ ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಅದೇ ಅಪಾಯ!

"ಮೂಲಿ ಬಿಚ್ಚಿದಾರ ಯಾರು? ಕೇಳು."

ಸಿಟ್ಟಿನಲ್ಲಿ ಅಕ್ಕ ಗೋಡೆಯನ್ನು ಮರೆತು ನೇರ ಸೊಸೆಗೇ ಹೇಳಿಬಿಟ್ಟಳು. ನಾನು ಗಮನಿಸಿದೆ. ಅಕ್ಕ ಗಮನಿಸಲಿಲ್ಲ.

"ಒಳಗಿನ ಪದರ ಜನ ನೋಡಲಿ ಅಂತ ಇವರೇ ಬಿಚ್ಚಿದ್ದಂತೆ."

"ಹೊಟ್ಟಿ ಕೊಯ್ದು ತೋರಸ್ತಾರೇನ! ಒಳಗ ಏನ ಇತ್ತು, ಅದನ್ನ ಕೇಳು."

ಆಫೀಸರಮ್ಮ ಯೋಚಿಸಿದಳು. ಬಿಚ್ಚಿದಾಗ ಒಣಗಿದ ಚೂರೊಂದು ಉದುರಿತ್ತಂತೆ. ಇಲಿ ತಂದು ಇಟ್ಟದ್ದು ಅಂತ ಗುಡಿಸಿ ಎಸೆದರಂತೆ.

ಅಕ್ಕ ಆಫೀಸರಮ್ಮನ ಮುಖವನ್ನೇ ನೋಡಿದಳು. ಸೊಸೆ ರೊಟ್ಟಿಯ ಸಂಗತಿಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಕೇಳುತ್ತಾ ಕೇಳುತ್ತಾ ಆಫೀಸರಮ್ಮ ಗ್ಲೌಸು ಕಳಚಿದಳು. ಕುರ್ಚಿ ತರಿಸಿದಳು, ಒಂದು ನೋಟ್‌ಬುಕ್ಕು ತರಿಸಿದಳು. ನಮ್ಮನ್ನು ಪೊಲೀಸರಿಗೆ ಕೊಡುತ್ತಾಳೆ ಅಂದುಕೊಂಡಿದ್ದ ನನಗೆ ಕಾಫಿ ಕೊಟ್ಟಳು!

ಅಕ್ಕ ಕೌದಿಯನ್ನು ಓದತೊಡಗಿದಳು. ನಾಲ್ಕಕ್ಷರ ಬಾರದ ನಮ್ಮಕ್ಕ! "ಇದು ಇಬ್ಬರು ಹೊಲದದ್ದು. ಇಲ್ಲೀತನಕ ಹಳೇ ಕೈ, ಸಣ್ಣ ಹೊಲಗಿ. ಇಲ್ಲಿಂದ ಹೊಸಾ ಕೈ, ಗಡಬಡಿ ಐತಿ. ಅವ್ವಗ ಕಣ್ಣ ಕಾಣವಲ್ದಾಗಿ ಮಗಳು ಮುಗಿಸ್ಯಾಳ." ಆಫೀಸರಮ್ಮ ಬರೆದುಕೊಂಡಳು. ಕೂಸಿನ ಕೌದಿ ಹೇಗೆ ಮಾಡುತ್ತೀರಿ ಅಂತ ಕೇಳಿಸಿದಳು.

"ಕಾಲ ಕಡೆ ಅಪ್ಪನ ಮನೀ ಅರಿವಿ. ನಡುವು ಹಿರೇರ ಧೋತರ. ತಲಿ ಇಡೋ ಕಡೆ ಮಾತ್ರ ತಾಯೀ ತವರಿಂದ. ಕೂಸಿನ ಮೂಗಿಗೆ ಅದ ಹತ್ತರ ಇರಬೇಕು."

ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದವಳು ಅರ್ಧಕ್ಕೇ ನಿಂತಳು.

"ದೊಡ್ಡತ್ತೆ... ನಮ್ಮ ಪಾಪುದಕ್ಕೆ ತಲೆ ಕಡೆ ಏನು ಹಾಕಿದೀರಾ?"

ಅಕ್ಕನಿಗೆ ಆಗ ನೆನಪಾಯಿತು, ತಾನು ಇವಳ ಜೊತೆ ಮಾತು ಬಿಟ್ಟಿದ್ದೇನೆ ಅಂತ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಅಕೀ ಅವ್ವನ ಸೀರಿ. ಅಕೀ ಲಗ್ನದಾಗ ಅಕೀ ಅಪ್ಪನ್ನ ಕೇಳಿದ್ದೆ, ಹಳೇದೊಂದು ಇದ್ರ ಕೊಡ್ರಿ ಅಂತ. ಪೆಟಗಿಯಾಗ ಇಟ್ಟಿದ್ದರು. ಕೊಡೋಮುಂದ ಅತ್ರು ಪಾಪ."

"ನಂಗೆ ಹೇಳಲೇ ಇಲ್ಲ."

"ಕೇಳಿದ್ರ ಹೇಳತಿದ್ದೆ" ಅಂದಳು ಗೋಡೆಗೆ. "ಒಗದು, ಬಿಸಲಾಗ ಒಣಗಿಸಿ, ಮೂರ ಸಲ ಕುದಿಸೇನಿ. ಡಾಕ್ಟರಗ ಹೇಳು."

ಆಫೀಸರಮ್ಮ ಪೆನ್ನು ಹಿಡಿದು ಕಾಯುತ್ತಿದ್ದಳು. ಸೊಸೆ ಏನನ್ನೂ ತಿರುಗಿಸಿ ಹೇಳಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಮೊಮ್ಮಗಳು ಮಾತ್ರ ನನ್ನ ಕನ್ನಡಕ ಕಿತ್ತುಕೊಂಡು ನಕ್ಕಳು.

ಮನೆಗೆ ಬಂದವಳೇ ಸೊಸೆ ಸ್ಟೂಲು ಹತ್ತಿದಳು. ಅಟ್ಟದಿಂದ ಕೌದಿ ಇಳಿಸಿ, ಕಿಟಕಿಯ ಹತ್ತಿರ ನೆಲದ ಮೇಲೆ ಹಾಸಿದಳು. ಬೆರಳಿಟ್ಟು ಹುಡುಕಿದಳು.

"ಇದಾ?"

"ಅಲ್ಲ. ಅದು ನಿನ್ನ ಗಂಡನ ಸಾಲೀ ಚಡ್ಡಿ."

"ಇದು?"

"ಅದು ನನ್ನ ಕುಪ್ಪಸ. ಮ್ಯಾಲ ನೋಡು, ಮ್ಯಾಲ."

ತಿಳಿ ಹಸಿರು ಬಣ್ಣ, ಸಾಸಿವೆಯಷ್ಟು ಸಣ್ಣ ಹಳದಿ ಹೂವು. ಸೊಸೆ ಅದರ ಮೇಲೆ ಅಂಗೈ ಇಟ್ಟಳು. ನನಗೆ ಅಲ್ಲಿ ನಿಲ್ಲಬೇಕೋ ಬೇಡವೋ ತಿಳಿಯಲಿಲ್ಲ. ಮಗುವನ್ನು ಎತ್ತಿಕೊಂಡು ಬೀದಿಗೆ ಹೋದೆ, ಕಾಗೆ ತೋರಿಸಿದೆ, ಮೋಟಾರ್ ಸೈಕಲ್ಲು ತೋರಿಸಿದೆ, ಎದುರು ಮನೆಯವರಿಗೆ ಮಗುವನ್ನೇ ಇನ್ನೊಮ್ಮೆ ತೋರಿಸಿದೆ. ಕೂಸು ಕಣ್ಣು ಉಜ್ಜಿಕೊಳ್ಳತೊಡಗಿದಾಗ, ಇವತ್ತು ಕೌದಿಯ ಮೇಲೆ ಮಲಗಿಸುತ್ತಾರೆ ಅನ್ನುವ ಸಂಭ್ರಮದಲ್ಲಿ ಮೆಟ್ಟಿಲು ಹತ್ತಿ ಬಂದೆ.

ಕೌದಿಯಲ್ಲಿ ಜಾಗ ಇರಲಿಲ್ಲ. ಆ ಎರಡು ಮೊಳದ ಬಟ್ಟೆಯ ಮೇಲೆ, ಮೊಣಕಾಲು ಮಡಚಿ ಎದೆಗೆ ಒತ್ತಿಕೊಂಡು, ಕೆನ್ನೆಯನ್ನು ಹಸಿರು ತುಂಡಿಗೆ ಇಟ್ಟು ಸೊಸೆ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಕೈಯಲ್ಲಿ ಸೂಜಿಯೂ ಇಲ್ಲದೆ.

"ಅಕ್ಕಾ, ಕೂಸಿಗೆ ನಿದ್ದಿ ಬಂದೈತಿ..." ಅಂದೆ.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

"ಎತಗೊಂಡ ಅಡ್ಡಾಡಸು, ಹೋಗು. ಮೊದಲ ಈ ಕೂಸ ಮಲಗಲಿ."