ಹನ್ನೊಂದು ದಿನ ದೊಡ್ಡವಳಾದ ತಾಯಿ

ಮಿನೊರಿಯ ತಾಯಿ ಚಿಜುರು ಮಗಳಿಗಿಂತ ಹನ್ನೊಂದು ದಿನಕ್ಕೆ ದೊಡ್ಡವಳು. ಇದು ಜಪಾನ್ ಸರ್ಕಾರದ ಕುಟುಂಬ ನೋಂದಣಿ ಪುಸ್ತಕದಲ್ಲಿ ವಿಧಿವತ್ತಾಗಿ ದಾಖಲಾಗಿರುವ ಸಂಗತಿಯಾದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ಇಬ್ಬರೂ ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿರುವವರು. ಹೆಣ್ಣು ಹೆಣ್ಣನ್ನು ಮದುವೆಯಾಗಲು ಕಾನೂನಿಲ್ಲ. ದತ್ತು ತೆಗೆದುಕೊಳ್ಳಲು ಧಾರಾಳವಾಗಿ ಇದೆ. ತೆಗೆದುಕೊಳ್ಳುವವರು ಒಂದು ದಿನ ದೊಡ್ಡವರಾದರೂ ಸಾಕು. ಎಂಥ ದೊಡ್ಡ ಮನಸ್ಸಿನ ಕಾನೂನು ನೋಡಿ! ಆಸ್ಪತ್ರೆಯವರು "ನೀವು ಇವರಿಗೆ ಏನಾಗಬೇಕು?" ಎಂದರೆ ಹೇಳಲೊಂದು ಉತ್ತರ ಇರಲಿ ಎಂದು ಚಿಜುರು ಮಿನೊರಿಯನ್ನು ದತ್ತು ತೆಗೆದುಕೊಂಡಳು. ಆಮೇಲೆ ಮಿನೊರಿ ಗಂಡುಮಗು ಹೆತ್ತಳು. ಚಿಜುರು ಮೂವತ್ತೇಳಕ್ಕೆ ಅಜ್ಜಿಯಾದಳು.

ಅದನ್ನೂ ನುಂಗಿಕೊಂಡಿದ್ದಳು. ಆದರೆ ಮುಂದಿನ ತಿಂಗಳು ಮಿನೊರಿಗೆ ಹೃದಯದ ಆಪರೇಷನ್. ಅವಳು ಏಳದೇ ಹೋದರೆ ಮಗು ಯಾರ ಕೈಗೆ ಎಂದು ಕೋರ್ಟು ಯೋಚಿಸುತ್ತದಂತೆ. ಎಂಟು ತಿಂಗಳಿಂದ ಮಗು ರೆಂಜಿಗೆ ಸ್ನಾನ ಮಾಡಿಸಿ ಮಲಗಿಸುತ್ತಿರುವವಳು ತಾನು. ಇನ್ನು ಕೋರ್ಟು ಯೋಚಿಸುವುದೇನು? ಚಿಜುರುವಿಗೆ ಮೈಯೆಲ್ಲ ಉರಿಯಿತು. ಮಗುವನ್ನೂ ಮಿನೊರಿಯನ್ನೂ ಕರೆದುಕೊಂಡು ನಗರ ಕಚೇರಿಗೆ ಬಂದಳು. ಕೌಂಟರಿನಲ್ಲಿ ಕುರೊಸೆ ಎಂಬ ಗುಮಾಸ್ತನಿದ್ದ.

"ನನ್ನನ್ನೂ ಅಮ್ಮ ಅಂತ ಬರ್ಕೊಳ್ಳಿ," ಎಂದಳು.

"ಅಮ್ಮನ ಅಂಕಣ ಒಂದೇ ಇರೋದು ಮೇಡಂ, ಭರ್ತಿಯಾಗಿದೆ. ಅಪ್ಪನ ಅಂಕಣ ಖಾಲಿ ಇದೆ, ಆದ್ರೆ ಅದಕ್ಕೆ ನಿಮಗೆ ಅರ್ಹತೆ ಇಲ್ಲ."

"ಹಾಗಾದ್ರೆ ದತ್ತು ರದ್ದು ಮಾಡಿ. ಮುಂದೆ ಕಾನೂನು ಬಂದ್ರೆ ಮದುವೆನಾದ್ರೂ ಆಗ್ತೀವಿ."

"ಒಂದ್ಸಲ ತಾಯಿ ಮಗಳಾದವರು ಆಮೇಲೆ ಮದುವೆ ಆಗೋ ಹಾಗಿಲ್ಲ. ಕುಟುಂಬದ ಮರ್ಯಾದೆ ಅಂತ ಒಂದಿದೆಯಲ್ಲ."

ಮಿನೊರಿ ಅವಳ ಮೊಣಕೈ ತಿವಿದು, "ಕೇಳಿಸ್ತಾ ಅಮ್ಮಾ? ಮರ್ಯಾದೆಯಂತೆ," ಎಂದಳು.

ಕುರೊಸೆ ಸಜ್ಜನ. ಒಂದು ದಾರಿ ಹುಡುಕಿಕೊಟ್ಟ. "ಅಜ್ಜಿ ಮೊಮ್ಮಗನನ್ನ ದತ್ತು ತಗೋಬಹುದು. ಕೋರ್ಟಿನ ಅಪ್ಪಣೆ ಬೇಡ, ಒಂದೇ ಹಾಳೆ. ನೀವು ಅಮ್ಮ ಆಗ್ತೀರಿ."

"ಇವಳು?"

"ಅವರು ನಿಮ್ಮ ಮಗಳಲ್ವಾ? ಮಗುವಿಗೆ ಅಕ್ಕ ಆಗ್ತಾರೆ."

ಚಿಜುರು ಬಾಯಿ ತೆರೆಯುವ ಮೊದಲೇ ಮಿನೊರಿ ಹಾಳೆ ಎಳೆದುಕೊಂಡಳು. "ಸುಮ್ನಿರೇ. ನಾನು ಹೋದ್ರೂ ಮಗು ನಿನ್ನ ಹತ್ರಾನೇ ಇರುತ್ತಲ್ಲ, ಅಷ್ಟು ಸಾಕು ನಂಗೆ." ತಾಯಿಯ ಒಪ್ಪಿಗೆ ಎಂದಿದ್ದಲ್ಲಿ ಸಹಿಯ ಬದಲು ತನ್ನ ಹೆಸರಿನ ಮೊಹರು ಒತ್ತಿದಳು. ತಾಯಿಯಾಗಿ ಅವಳು ಮಾಡಿದ ಕೊನೆಯ ಕೆಲಸ ಅದು. ಚಿಜುರುವಿಗೆ ಕೇಳಿದ್ದೇನೋ ಸಿಕ್ಕಿತು, ಆದರೆ ಮಿನೊರಿಯ ಕೈಯಿಂದ ಕಿತ್ತುಕೊಂಡ ಹಾಗಾಯಿತು.

ಕುರೊಸೆ ಎದ್ದುನಿಂತು ಸೊಂಟ ಬಾಗಿಸಿ ವಂದಿಸಿದ. "ಅಭಿನಂದನೆಗಳು. ನಿಮಗೆ ಮಗ, ಇವರಿಗೆ ತಮ್ಮ."

ಅಷ್ಟರಲ್ಲಿ ರೆಂಜಿ ಹಸಿದು ಅತ್ತ. ಕಚೇರಿಯಲ್ಲಿ ಹಾಲೂಡಿಸುವ ಕೊಠಡಿಯಿತ್ತು, ತಾಯಂದಿರಿಗೆ ಮಾತ್ರ. ಕುರೊಸೆ ಅದರ ಬಾಗಿಲನ್ನು ಚಿಜುರುವಿಗಾಗಿ ಗೌರವದಿಂದ ತೆರೆದು ಹಿಡಿದ. ಅಕ್ಕ ಹೊರಗಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ತಮ್ಮನಿಗೆ ಮೊಲೆ ಕೊಟ್ಟಳು. ಸರದಿಯಲ್ಲಿದ್ದ ಒಬ್ಬರಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ.