ಟೆರಿಯರ್ ಮೈಗೆ ಕುರಿ ಕತ್ತರಿ

"ತಲೆತಲಾಂತರದಿಂದ ಕುರಿಗೆ ಕತ್ತರಿ ಆಡಿಸ್ದೋರು ನಾವು! ನಮಗೆ ಒಂದು ನಾಯಿ ಯಾವ ಲೆಕ್ಕ?" ಎಂದು ಬೋರಣ್ಣ ಹೆಂಡತಿ ಗೌರಕ್ಕನ ಮುಂದೆ ಮೀಸೆ ತಿರುವಿದ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆ. ಬುಕ್ಕಾಪಟ್ಟಣದ ಕಡೆಯ ಈ ಬೋರಣ್ಣ ಮಧುಗಿರಿಯ ಕಚೇರಿಯೊಂದರಲ್ಲಿ ಜವಾನ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಬೇಕಾದ ಸಾಹೇಬರು ಹೆಂಡತಿ ಸರಸಮ್ಮನವರೊಡನೆ ತುಮಕೂರಿಗೆ ಹೋಗುವಾಗ ತಮ್ಮ ಟೆರಿಯರ್ ನಾಯಿ ಟೈಗರನ್ನು ಅವನ ಮನೆಯಲ್ಲಿ ಬಿಟ್ಟಿದ್ದರು. ತೆಂಗಿನ ನಾರಿನಂಥ ಒರಟು ಕೂದಲಿನ ಜಾತಿ. "ಸತ್ತ ಕೂದಲನ್ನ ಬೆರಳಲ್ಲಿ ಒಂದೊಂದೇ ಕೀಳು. ಕತ್ತರಿ ಮಾತ್ರ ಮುಟ್ಟಿಸಬೇಡ. ಬೆಂಗಳೂರಿನ ನಾಯಿ ಪ್ರದರ್ಶನ ಹತ್ತಿರ ಬಂತು" ಎಂದು ಸರಸಮ್ಮ ಒತ್ತಿ ಹೇಳಿದ್ದರು.

"ಉಣ್ಣೆ ಕೀಳೋದು ಸತ್ತ ಕುರಿದು! ಬದುಕಿರೋ ಜೀವದ್ದು ಕಿತ್ರೆ ನಮ್ಮ ಕುಲದೇವ್ರು ಜುಂಜಪ್ಪ ಸ್ವಾಮಿ ಮೆಚ್ತಾನಾ?" ಎಂದ ಬೋರಣ್ಣ, ಟೈಗರನ್ನು ಕಾಲ ನಡುವೆ ಒತ್ತಿ ಹಿಡಿದು ಕುರಿ ಕತ್ತರಿಯನ್ನು ಕಚಕಚ ಆಡಿಸಿಯೇಬಿಟ್ಟ. ಕೈಬಿಟ್ಟಾಗ ಎದ್ದು ನಿಂತದ್ದು ಆಗ ತಾನೇ ಹುಟ್ಟಿದ ಮೇಕೆಮರಿ!

"ಅಯ್ಯೋ, ಒಳಗೆ ಬೇರೆ ನಾಯಿನೇ ಐತೆ ಕಣಯ್ಯೋ!" ಎಂದು ಗೌರಕ್ಕ ಬಾಯಿ ಬಡಿದುಕೊಂಡಳು.

ಬೋರಣ್ಣ ಕತ್ತರಿ ಕೆಳಗಿಟ್ಟ. ಕೆಲಸ ಹೋಯಿತು! ಸಂಬಳ ಹೋಯಿತು! ಮೀಸೆಯೂ ತಾನಾಗಿ ಇಳಿಯಿತು. "ಕೂದಲೆಲ್ಲಿ? ಮೇಣ ಹಚ್ಚಿ ಅಂಟುಸ್ತೀನಿ!" ಎಂದು ಅಂಗಳಕ್ಕೆ ಓಡಿದ.

ಅಲ್ಲಿ ಕಣ್ಣು ಮಂಜಾದ ಅವ್ವ ಹೊನ್ನಕ್ಕ, ಮನೆಯಲ್ಲಿ ಕತ್ತರಿ ಆಡಿದಾಗಲೆಲ್ಲ ಮಾಡುವ ಕೆಲಸವನ್ನೇ ಮಾಡುತ್ತ ಕೂತಿದ್ದಳು. "ಯಾವೂರ ಕುರಿನಪ್ಪ ಇದು? ಉಣ್ಣೆ ಬರೀ ತುಂಡು. ಕರಿ ಉಣ್ಣೆ ಜೊತೆ ಬೆರೆಸಿ ನೂತಾಕ್ದೆ ಕಣ್ಲಾ."

ಅಷ್ಟರಲ್ಲಿ ಬೀದಿಯಲ್ಲಿ ಸಾಹೇಬರ ಜೀಪಿನ ಹಾರನ್ನು! ಬೋರಣ್ಣ ಒಳಗೋಡಿದ. ನಾಯಿಗೆ ಕಂಬಳಿ ಸುತ್ತಿದ; ಒಡತಿಯ ದನಿ ಕೇಳಿದ್ದೇ ತಡ, ಅದು ಕಂಬಳಿ ಕೊಡವಿ ಬತ್ತಲೆ ಓಡಿತು. ಸರಸಮ್ಮನವರ ಚೀತ್ಕಾರಕ್ಕೆ ಎದುರು ಮನೆಯವರೂ ಹೊರಗೆ ಬಂದರು.

"ತೆಪ್ಪಾಯ್ತು ಅಮ್ಮಾವ್ರೇ! ಕೆಲಸ ಒಂದು ಕಳೀಬ್ಯಾಡಿ!" ಬೋರಣ್ಣ ಅಡ್ಡಬಿದ್ದ.

"ಕಳೆಯೋದಾ? ನಿನ್ನನ್ನ ಬಿಟ್ಟರೆ ತಾನೆ!" ಸರಸಮ್ಮ ಹಲ್ಲು ಕಡಿದರು. "ಈಗ ಬರೋದೆಲ್ಲ ಹತ್ತಿಯಂಥ ಕೂದಲು. ಅದನ್ನ ಒಂದೊಂದೇ ಕೀಳ್ತಾ ಹೋದರೆ ಒರಟು ಕೂದಲು ಮತ್ತೆ ಬಂದೀತು. ನಾಳೆಯಿಂದ ನೀನು ಕಚೇರಿಗಲ್ಲ, ನಮ್ಮ ಬಂಗಲೆಗೆ ಬಾ!" ಸಾಹೇಬರು ಹೂಂ ಎಂದು ತಲೆಯಾಡಿಸಿದರು.

ಜೀಪು ಹೋದ ಮೇಲೆ ಗೌರಕ್ಕ ಮೆಲ್ಲಗೆ ಕೇಳಿದಳು: "ಕೆಲ್ಸ ಉಳೀತಾ?"

"ಉಳೀತು."

"ಯಾರಾನ ಕೇಳಿದ್ರೆ ಏನು ಕೆಲ್ಸ ಅನ್ಲಿ?"

ಬೋರಣ್ಣ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ, ಗಾಳಿಯಲ್ಲಿ ಒಂದೊಂದೇ ಕೂದಲು ಕಿತ್ತು ತೋರಿಸಿದ.