ರೀಲಾಚಾರ್ರ ಜಾವಾ

ಒಂದು ಭಾನುವಾರ ಬೆಳಗ್ಗೆ, ಎರಡನೇ ಲೋಟ ಕಾಫಿ ಕೈಯಲ್ಲಿರುವಾಗಲೇ, ಚಕ್ರಪಾಣಿ ಪ್ರತಿಜ್ಞೆ ಮಾಡಿಬಿಟ್ಟರು.

"ಅಪ್ಪನ ಜಾವಾ ಗಾಡೀನ ಎತ್ತಿ ನಿಲ್ಲಿಸ್ತೀನಿ. ಒಂದು ನಟ್ಟೂ ಬೇರೆ ಇರಕೂಡದು. ಅರವತ್ನಾಲ್ಕನೇ ಇಸವೀಲಿ ಹೇಗಿತ್ತೋ ಹಾಗೆ."

ಹುರುಳಿಕಾಯಿ ನಾರು ತೆಗೆಯುತ್ತಿದ್ದ ಹೆಂಡತಿ ರಂಗನಾಯಕಿ ತಲೆ ಎತ್ತಲಿಲ್ಲ. "ಬಚ್ಚಲ ನಲ್ಲಿ ದಸರಾದಿಂದ ಸೋರ್ತಿದೆ. ಅದನ್ನೂ ಹೇಗಿತ್ತೋ ಹಾಗೆ ಮಾಡಿಸ್ತೀರಾ?"

ಪ್ರತಿಜ್ಞೆ ಮಾಡುವ ಗಂಡಸರಿಗೆ ನಲ್ಲಿ ಕಾಣುವುದಿಲ್ಲ. ಭೀಷ್ಮರ ಬಚ್ಚಲಲ್ಲೂ ಏನೋ ಒಂದು ಸೋರುತ್ತಿದ್ದಿರಬೇಕು, ಬರೆದಿಟ್ಟವರಿಲ್ಲ ಅಷ್ಟೆ.

ಇದು ತೊಂಬತ್ತೊಂಬತ್ತನೇ ಇಸವಿಯ ಮಾತು. ಚಕ್ರಪಾಣಿಗೆ ಆಗ ನಲವತ್ತೆಂಟು. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟು. ಇಪ್ಪತ್ತೈದು ವರ್ಷ ಬೇರೆಯವರ ಕರಡಿನಲ್ಲಿ ತಪ್ಪು ಹುಡುಕಿದ ಅವರಿಗೆ ಯಾರೂ ಒಂದು ಕಪ್ಪು ಕೊಟ್ಟಿರಲಿಲ್ಲ, ಕಾಫಿಯದ್ದನ್ನು ಬಿಟ್ಟರೆ. ಶೇಷಾದ್ರಿಪುರದ ಮೈದಾನದಲ್ಲಿ ಹಳೇ ಗಾಡಿಗಳ ಮೇಳ, ತೀರಾ ಒರಿಜಿನಲ್ ಆಗಿರುವ ಮೋಟಾರ್ ಸೈಕಲ್ಲಿಗೆ ಬೆಳ್ಳಿ ಕಪ್ಪು ಎಂದು ಪೇಪರಿನಲ್ಲಿ ಓದಿದ್ದೇ ತಡ, ಮಲ್ಲೇಶ್ವರದ ಮನೆಯ ಪಕ್ಕದ ಓಣಿಯಲ್ಲಿ ಹದಿನೈದು ವರ್ಷದಿಂದ ಬೆಕ್ಕಿನ ಬಾಣಂತನಕ್ಕೆ ಒದಗುತ್ತಿದ್ದ ಜಾವಾ ಇದ್ದಕ್ಕಿದ್ದಂತೆ ಪೂರ್ವಾರ್ಜಿತ ಆಸ್ತಿಯಾಯಿತು.

ಅದು ಅವರ ತಂದೆ ವರದಾಚಾರ್ರ ಗಾಡಿ. "ನಮ್ಮ ತಂದೆಯವರು ಚಿತ್ರರಂಗದಲ್ಲಿದ್ರು" ಎಂದು ಚಕ್ರಪಾಣಿ ಕಚೇರಿಯಲ್ಲಿ ಹೇಳುತ್ತಿದ್ದರು. ಮಗಳು ದೀಪ್ತಿಯ ಮದುವೆ ಮಾತುಕತೆಯಲ್ಲಿ ಬೀಗರಿಗೂ ಹಾಗೇ ಹೇಳಿದ್ದರು. ಸುಳ್ಳೇನಲ್ಲ. ಆ ಕಾಲದಲ್ಲಿ ಸಿನಿಮಾದ ಒಂದೇ ಪ್ರಿಂಟು ಎರಡು ಟಾಕೀಸಿನಲ್ಲಿ ಓಡುವುದಿತ್ತು. ಇಲ್ಲಿ ಮುಗಿದ ರೀಲನ್ನು ಅಲ್ಲಿ ಶುರುವಾಗುವಷ್ಟರಲ್ಲಿ ಮುಟ್ಟಿಸಬೇಕು. ಮಲ್ಲೇಶ್ವರದ ಟಾಕೀಸಿನಿಂದ ಮೆಜೆಸ್ಟಿಕ್ಕಿನ ಟಾಕೀಸಿಗೆ ಇಪ್ಪತ್ತು ವರ್ಷ ಹಾಗೆ ರೀಲಿನ ಡಬ್ಬ ಸಾಗಿಸಿದವರು ವರದಾಚಾರ್ರು. ಜಾವಾದ ಹಿಂದೆ ಅದಕ್ಕೆಂದೇ ಒಂದು ಕಬ್ಬಿಣದ ಬುಟ್ಟಿ. ವೈಯಾಲಿಕಾವಲಿನಿಂದ ಓಕಳಿಪುರದವರೆಗೆ ಜನ ಅವರನ್ನು ಕರೆಯುತ್ತಿದ್ದುದು ರೀಲಾಚಾರ್ರು ಎಂದು. ಹೈಸ್ಕೂಲಿನಲ್ಲಿ "ರೀಲಾಚಾರ್ರ ಮಗ" ಅನ್ನಿಸಿಕೊಂಡವನಿಗೆ ಆ ಹೆಸರು ಕಾಲರಿನೊಳಗೆ ಸೇರಿದ ಕೂದಲಿನ ಹಾಗೆ ಚುಚ್ಚುತ್ತಿತ್ತು. ಚಿತ್ರರಂಗ ಎಂದರೆ ಚುಚ್ಚುವುದಿಲ್ಲ. ಕೇಳಿದವರು ನಿರ್ಮಾಪಕರೆಂದೋ ನಿರ್ದೇಶಕರೆಂದೋ ತಿಳಿದುಕೊಂಡರೆ ಅದು ಅವರ ಕರಡು. ಇವರು ತಿದ್ದಲಿಲ್ಲ.

ಓಕಳಿಪುರದ ಮೆಕ್ಯಾನಿಕ್ ರಾಮಾಂಜಿನಪ್ಪ ಬಂದು ಗಾಡಿಯನ್ನು ಒಂದು ಸುತ್ತು ನೋಡಿದ. ಚಕ್ರಪಾಣಿಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಆದರೂ ಅವನು ಇವರಿಗೆ ಸಾಮಿ ಎನ್ನುತ್ತಾನೆ, ಇವರು ಅವನಿಗೆ ನೀನು ಎನ್ನುತ್ತಾರೆ. ನಾನೂ ಈಗ ಅವನು ಎಂದೇ ಬರೆದೆ, ನೋಡಿ. ಕೈಯ ಗ್ರೀಸು ನಮ್ಮ ವ್ಯಾಕರಣವನ್ನು ಹೀಗೆ ಕೆಡಿಸುತ್ತದೆ. ತಿದ್ದಿಕೊಳ್ಳುತ್ತೇನೆ. ರಾಮಾಂಜಿನಪ್ಪನವರು ಕೇಳಿದರು:

"ಮೂರು ಥರ ಮಾಡ್ತೀನಿ ಸಾಮಿ. ಓಡೋ ಹಂಗೆ, ನೋಡೋ ಹಂಗೆ, ಇದ್ದ ಹಂಗೆ. ನಿಮ್ಗೆ ಯಾವ್ದು?"

"ಇದ್ದ ಹಾಗೆ."

"ಯಾವತ್ತು ಇದ್ದ ಹಂಗೆ?"

ಚಕ್ರಪಾಣಿ ಇದನ್ನು ಯೋಚಿಸಿರಲಿಲ್ಲ. "ಯಾವತ್ತು ಅಂದ್ರೆ? ಕಂಪನಿಯಿಂದ ಹೊರಗೆ ಬಂದ ದಿನ."

"ಆವತ್ತು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ನಿಮ್ಮಪ್ಪಾವ್ರು ಓಡಿಸ್ತಿದ್ದಿದ್ದು ನೋಡಿದೀನಿ. ಈ ಬುಟ್ಟಿಗೆ ಬೆಸುಗೆ ಹಾಕಿದ್ದು ನಮ್ಮಪ್ಪ. ನೋಡಿ, ಒಂದು ಕಡ್ಡಿ ಅಲ್ಲಾಡಿಲ್ಲ."

"ಬುಟ್ಟಿ ಕೊಯ್ದು ತೆಗೆದುಬಿಡು. ಕಂಪನಿ ಕ್ಯಾಟಲಾಗಿನಲ್ಲಿ ಇಲ್ಲ."

ಕಾಫಿ ತಂದ ರಂಗನಾಯಕಿ ಲೋಟವನ್ನು ರಾಮಾಂಜಿನಪ್ಪನವರ ಕೈಗೇ ಕೊಟ್ಟು ಗಂಡನ ಕಡೆ ತಿರುಗಿದರು. "ಕ್ಯಾಟಲಾಗಿನಲ್ಲಿ ನೀವೂ ಇಲ್ಲ."

"ನಿನಗಿದೆಲ್ಲ ಅರ್ಥ ಆಗಲ್ಲ. ಇದು ಒರಿಜಿನಾಲಿಟಿ ಪ್ರಶ್ನೆ."

"ಮಾವನೋರು ಇಪ್ಪತ್ತು ವರ್ಷ ಅಕ್ಕಿ ತಂದಿದ್ದು ಆ ಬುಟ್ಟೀಲಿ. ನಿಮ್ಮ ಬಿ.ಎ. ಬಂದಿದ್ದೂ ಅದರಲ್ಲೇ. ಅದು ಡೂಪ್ಲಿಕೇಟಾ?"

ಉತ್ತರ ಹೊಳೆಯದ ಗಂಡಂದಿರಿಗೆ ಒಂದು ದಾರಿ ಇದೆ, ಕೆಲಸಗಾರರ ಮೇಲೆ ರೇಗುವುದು. ಚಕ್ರಪಾಣಿ ರೇಗಿದರು. ಮರುದಿನ ಬುಟ್ಟಿ ಕೊಯ್ದಾಯಿತು. ರಾಮಾಂಜಿನಪ್ಪನವರು ಅದನ್ನು ಗುಜರಿಗೆ ಹಾಕಲಿಲ್ಲ. "ನಮ್ಮಪ್ಪನ ಕೈಕೆಲ್ಸ, ಅಂಗಡೀಲಿ ಇಟ್ಕೋತೀನಿ" ಎಂದು ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ಇಬ್ಬರಿಗೂ ಅಪ್ಪಂದಿರಿದ್ದರು. ಒಬ್ಬರು ಅಪ್ಪನನ್ನು ಸೈಕಲ್ ಮೇಲೆ ಜೊತೆಗೆ ಕರೆದೊಯ್ದರು. ಇನ್ನೊಬ್ಬರು ಬೆಸುಗೆಯ ಕಲೆಯನ್ನು ಅರದಿಂದ ಉಜ್ಜಿಸಿದರು.

ಆಮೇಲಿನ ನಾಲ್ಕು ತಿಂಗಳು ಆ ಮನೆಯಲ್ಲಿ ಯಾಗ ನಡೆಯಿತು. ಟ್ಯಾಂಕು ಕೆರೆದರೆ ಹಸಿರು, ಹಸಿರಿನ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಕ್ಯಾಟಲಾಗಿನ ಕಡುಗೆಂಪು. ಆ ಕೆಂಪನ್ನು ಮತ್ತೆ ಹದ ಮಾಡಿಸಲು ಹೋದಾಗ ಮೊದಲ ಸಲ ಬೀಟ್‌ರೂಟ್ ಸಾರಿನ ಬಣ್ಣ ಬಂತು, ಎರಡನೇ ಸಲ ಹಳೇ ಕಜ್ಜಾಯದ್ದು. ಹೆಡ್‌ಲೈಟಿಗೆ ಆ ಕಾಲದ್ದೇ ಬಲ್ಬು, ಹ್ಯಾಂಡಲಿಗೆ ಆ ಕಾಲದ್ದೇ ರಬ್ಬರು. ಚಕ್ರಪಾಣಿ ಕ್ಯಾಟಲಾಗಿನ ಜೆರಾಕ್ಸ್ ಪ್ರತಿಯನ್ನು ಫೈಲಿಗೆ ಹಾಕಿ, ಪುಟಕ್ಕೆ ನಂಬರು ಕೊಟ್ಟು, ಷರಾ ಬರೆದರು. ಕೊನೆಗೆ ಸ್ಕ್ರೂಗಳ ತಲೆಯ ಗೀರು ಒಂದೇ ದಿಕ್ಕಿಗೆ ನಿಲ್ಲಬೇಕೆಂದರು.

"ಸಾಮಿ, ಇದು ಗಾಡಿನಾ, ಮದ್ವೆ ಹೆಣ್ಣಾ?" ಎಂದರು ರಾಮಾಂಜಿನಪ್ಪನವರು.

"ಅರವತ್ನಾಲ್ಕರಲ್ಲಿ ನಿಮ್ಮ ತಲೆ ತುಂಬ ಕೂದಲಿತ್ತು" ಎಂದರು ರಂಗನಾಯಕಿ. "ಅದಕ್ಕೂ ಕ್ಯಾಟಲಾಗ್ ತರಿಸಿ."

ನಗಬೇಡಿ, ಇದು ಒಬ್ಬ ಚಕ್ರಪಾಣಿಯ ರೋಗವಲ್ಲ. ನಮ್ಮ ಊರಿನ ಹಳೇ ಬಡಾವಣೆಗಳಲ್ಲಿ ಪರಂಪರೆಯ ಮೋಹ ಜಾಸ್ತಿಯಾಗಿದೆ. ಅಜ್ಜಿಯ ಒರಳುಕಲ್ಲನ್ನು ಹಾಲಿನಲ್ಲಿಟ್ಟು ಹೂವು ತೇಲಿಬಿಡುತ್ತೇವೆ, ರುಬ್ಬಿ ರುಬ್ಬಿ ಅಜ್ಜಿಯ ರಟ್ಟೆ ಬಿದ್ದುಹೋದದ್ದನ್ನು ಹೇಳುವುದಿಲ್ಲ. ಬೆವರನ್ನು ಒರೆಸಿ ಹಾಕಿದ ಮೇಲೆ ಉಳಿಯುವುದಕ್ಕೆ ನಾವಿಟ್ಟ ಹೆಸರು ಹೆರಿಟೇಜು.

ಮೇಳದ ದಿನ ಜಾವಾ ಒಂದೇ ಒದೆತಕ್ಕೆ ಶುರುವಾಯಿತು. ರೇಷ್ಮೆ ಸೀರೆಯುಟ್ಟ ರಂಗನಾಯಕಿ ಹಿಂದೆ ಕೂತು, ಹೊಗೆಗೆ ಮೂಗು ಮುಚ್ಚಿಕೊಂಡೇ ಶೇಷಾದ್ರಿಪುರ ತಲುಪಿದರು. ಬೀಗರನ್ನೂ ಕರೆದಾಗಿತ್ತು, ಕಪ್ಪು ಎತ್ತುವಾಗ ನೋಡುವವರು ಬೇಕಲ್ಲ. ಚಕ್ರಪಾಣಿ ಮೈದಾನದಲ್ಲಿ ಗಾಡಿ ನಿಲ್ಲಿಸಿ ಪಕ್ಕಕ್ಕೆ ನೋಡಿದರು. ಅದೇ ಕಡುಗೆಂಪು, ಅದೇ ಬಲ್ಬು, ಅದೇ ರಬ್ಬರು. ಸಾಲಾಗಿ ಹನ್ನೊಂದು ಜಾವಾ, ಒಂದೇ ಬಸಿರಿನ ಹನ್ನೊಂದು ಮಕ್ಕಳ ಹಾಗೆ. ಅಲ್ಲೂ ಯಾರೋ ಸ್ಕ್ರೂಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದ್ದರು.

ತೀರ್ಪುಗಾರರು ಚಂದ್ರಶೇಖರಯ್ಯ, ಚಿಕ್ಕಪೇಟೆಯ ಹಳೇ ಜವಳಿ ವ್ಯಾಪಾರಿ. ಅರವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ, ಕೈಯಲ್ಲೊಂದು ರಿಜಿಸ್ಟರು. ಎಂಜಿನ್ ನೋಡಿದರು, ಸೀಟು ಒತ್ತಿದರು, ತಲೆಯಾಡಿಸಿದರು. ನಂಬರ್ ಪ್ಲೇಟ್ ಓದಿ ಕನ್ನಡಕ ತೆಗೆದರು. ಒರೆಸಿ ಹಾಕಿಕೊಂಡು ಮತ್ತೆ ಓದಿದರು.

"ಇದು ರೀಲಾಚಾರ್ರ ಗಾಡಿ ಅಲ್ವೇನ್ರೀ?"

ಚಕ್ರಪಾಣಿ ಕರ್ಚೀಫು ತೆಗೆದು, ಹೊಳೆಯುತ್ತಿದ್ದ ಟ್ಯಾಂಕನ್ನೇ ಮತ್ತೆ ಒರೆಸತೊಡಗಿದರು.

"ಈ ನಂಬರು ನನಗೆ ಬಾಯಿಪಾಠ" ಎಂದರು ಚಂದ್ರಶೇಖರಯ್ಯ. ಸುತ್ತ ಜನ ಸೇರಿದರು. "ಹೀರೋ ಹೊಡೆಯೋಕೆ ಕೈ ಎತ್ತಿರೋನು, ರೀಲ್ ಖಾಲಿ. ದೀಪ ಹಾಕ್ಬಿಡೋರು. ನಾವೆಲ್ಲ ಗೇಟಿಗೆ ಬಂದು ರಸ್ತೆ ನೋಡ್ತಾ ನಿಂತ್ಕೊಳ್ಳೋದು. ಈ ಮನುಷ್ಯ ಬಂದ್ಮೇಲೇ ವಿಲನ್ನಿಗೆ ಏಟು ಬೀಳ್ತಿದ್ದಿದ್ದು. ಹಿಂದ್ಗಡೆ ಒಂದು ಬುಟ್ಟಿ ಇತ್ತಲ್ಲ, ಎಲ್ಲಿ?"

"ಅದು... ಒರಿಜಿನಲ್ ಅಲ್ಲ ಸಾರ್."

"ಬುಟ್ಟಿ ಇಲ್ದಿದ್ರೆ ಇದು ಹನ್ನೆರಡನೇ ಜಾವಾ, ಅಷ್ಟೆ. ಹೋಗ್ಲಿ, ನೀವು ಅವರಿಗೆ ಏನಾಗ್ಬೇಕು?"

ಬೀಗರು ಎರಡು ಮಾರು ದೂರದಲ್ಲಿದ್ದರು. ಚಕ್ರಪಾಣಿ ಅವರ ಕಡೆ ನೋಡಲಿಲ್ಲ. "ಏನೂ ಆಗ್ಬೇಕಿಲ್ಲ ಸಾರ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು."

"ನಿಮ್ಮ ತಂದೆಯವರ ಗಾಡಿ ಅಂದಿದ್ರಲ್ಲ ಬೀಗರೇ?" ಎಂದರು ಬೀಗರು, ಪಾಪ, ಸಹಾಯ ಮಾಡಲೆಂದೇ.

"ಹೌದು ಹೌದು. ತಂದೆಯವರೇ ತಗೊಂಡಿದ್ದು. ಅವರ ಹತ್ರ. ಆ ಆಚಾರ್ರ ಹತ್ರ."

ಒಂದು ನಿಮಿಷದಲ್ಲಿ ವರದಾಚಾರ್ರು ವರದಾಚಾರ್ರಿಂದಲೇ ಗಾಡಿ ಕೊಂಡದ್ದಾಯಿತು. ಚಂದ್ರಶೇಖರಯ್ಯ ರಿಜಿಸ್ಟರಿನಲ್ಲಿ "ಹಿಂದಿನ ಮಾಲೀಕರ ಮನೆಯವರು ಸಿಕ್ಕಿಲ್ಲ" ಎಂದು ಬರೆದುಕೊಂಡು ಮುಂದಿನ ಜಾವಾದ ಕಡೆ ನಡೆದರು.

ರಂಗನಾಯಕಿ ಗಂಡನ ಹತ್ತಿರ ಸರಿದು, ಬೀಗರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು: "ಮಾವನೋರು ರೀಲ್ ಹೊತ್ರು. ಬಿಡ್ತಿರೋರು ನೀವು."

ಚಕ್ರಪಾಣಿ ಗಾಡಿಯ ಮೇಲೆ ಕೈಯಿಟ್ಟುಕೊಂಡು ನಿಂತರು. ಬೆಸುಗೆಯ ಕಲೆ ಇದ್ದ ಜಾಗ ಎಷ್ಟು ನುಣ್ಣಗಾಗಿತ್ತೆಂದರೆ ಬೆರಳಿಗೆ ಏನೂ ಸಿಗಲಿಲ್ಲ. ಮಳೆಗಾಲದಲ್ಲಿ ಅಪ್ಪ ತಮ್ಮ ರೇನ್‌ಕೋಟನ್ನು ಡಬ್ಬಗಳಿಗೆ ಹೊದಿಸಿ, ತಾವು ನೆನೆದು ಮನೆಗೆ ಬರುತ್ತಿದ್ದರು. ಅಮ್ಮ ಬೈದರೆ, "ನಾನು ಒಣಗ್ತೀನಿ ಕಣೇ, ಫಿಲ್ಮ್ ಒಣಗಲ್ಲ" ಎನ್ನುತ್ತಿದ್ದರು. ಅದನ್ನು ಆಗ ಕೇಳಿಸಿಕೊಂಡ ಹುಡುಗನಿಗೆ ನಾಚಿಕೆಯಾಗಿತ್ತು. ಈಗಲೂ ನಾಚಿಕೆಯೇ ಆಯಿತು, ಆದರೆ ಅಪ್ಪನ ಬಗ್ಗೆ ಅಲ್ಲ.

ಮೈಕಿನಲ್ಲಿ ಹೆಸರು ಕೂಗಿದರು. ಬಸವನಗುಡಿಯ ಯಾರೋ ಒಬ್ಬರು ಬೆಳ್ಳಿ ಕಪ್ಪು ಎತ್ತಿದರು. ಚಪ್ಪಾಳೆ ಮುಗಿದು, ಶಾಮಿಯಾನದ ಹಗ್ಗ ಬಿಚ್ಚುವ ಹೊತ್ತಿಗೆ ಚಕ್ರಪಾಣಿ ನೇರ ವೇದಿಕೆಯ ಹತ್ತಿರವಿದ್ದ ಚಂದ್ರಶೇಖರಯ್ಯನವರ ಬಳಿ ಹೋದರು. ಬೀಗರು ಅಲ್ಲೇ ಕೂತು ಜ್ಯೂಸು ಕುಡಿಯುತ್ತಿದ್ದರು. ಇರಲಿ ಎಂದುಕೊಂಡೇ ಚಕ್ರಪಾಣಿ ಬಾಯಿ ತೆರೆದರು.

"ಸಾರ್, ರೀಲಾಚಾರ್ರು ನಮ್ಮಪ್ಪ. ರೀಲ್ ಸಾಗಿಸ್ತಿದ್ರು. ಅದೇ ಅವರ ಕೆಲಸ."

ಬೀಗರ ಸ್ಟ್ರಾ ಗೊರ್ರೆಂದಿತು. ಚಂದ್ರಶೇಖರಯ್ಯ ಚೀಲಕ್ಕೆ ಹಾಕಿದ್ದ ರಿಜಿಸ್ಟರನ್ನು ನೋಡಿದರು, ಇವರನ್ನು ನೋಡಿದರು.

"ಕಪ್ಪು ಕೊಟ್ಟಾಯ್ತಲ್ರೀ."

"ಕಪ್ಪು ಬೇಡ ಸಾರ್. ಮನೆಯವರು ಸಿಕ್ಕಿದ್ರು ಅಂತ ಬರ್ಕೊಳ್ಳಿ, ಸಾಕು. ಹೇಳೋದು ಲೇಟಾಯ್ತು."

ಚಂದ್ರಶೇಖರಯ್ಯ ರಿಜಿಸ್ಟರು ಹೊರಗೆ ತೆಗೆದು, ಪೆನ್ನಿನ ಟೋಪಿ ಬಿಚ್ಚಿದರು.

"ಆಗ್ಲಿ ಬಿಡಿ. ನಿಮ್ಮಪ್ಪಾವ್ರೂ ಒಂದಿನಾನೂ ಟೈಮಿಗೆ ಬಂದೋರಲ್ಲ. ನಾವೇನ್ ಕಾಯ್ಲಿಲ್ವಾ?"